ಹಜಾರದ ಹನ್ನೊಂದು ಭಾವಚಿತ್ರಗಳು: ಮೈಸೂರಿನ ಒಂದು ದರ್ಬಾರಿ ಮನೆತನದ ಪ್ರಕರಣ ಅಧ್ಯಯನ

ಪ್ರಕರಣದ ಪರಿಚಯ

ಮೈಸೂರು ಅರಮನೆಯೊಂದಿಗೆ ಹಲವು ತಲೆಮಾರುಗಳ ನಂಟಿದ್ದ ಒಂದು ಮನೆತನದ ಹಜಾರದಲ್ಲಿ ಹನ್ನೊಂದು ತೈಲವರ್ಣದ ಭಾವಚಿತ್ರಗಳು ತೂಗಾಡುತ್ತಿದ್ದವು. ಆಸ್ತಿ ವಿಭಾಗದ ಮಾತು ಬಂದಾಗ, ಅವುಗಳಲ್ಲಿ ಒಂದನ್ನು ಬರೆದವರು ಯಾರು ಎಂಬ ಪ್ರಶ್ನೆ ಇಡೀ ಕುಟುಂಬವನ್ನು ಎರಡು ಪಾಳಯವಾಗಿ ಒಡೆಯಿತು. ಚಿತ್ರಗಳ ದಾಖಲೀಕರಣಕ್ಕೆಂದು ಕರೆಸಿಕೊಂಡವರಲ್ಲಿ ನಾನೂ ಒಬ್ಬನಾಗಿದ್ದುದರಿಂದ ಆ ತೀರ್ಮಾನಗಳು ರೂಪುಗೊಂಡ ಬಗೆಯನ್ನು ಹತ್ತಿರದಿಂದ ಕಂಡೆ. ಇಂಥ ಸಂಗ್ರಹಗಳು ಮೈಸೂರು, ಬೆಂಗಳೂರು ಮತ್ತು ಹಳೆಯ ಸಂಸ್ಥಾನಗಳ ಊರುಗಳಲ್ಲಿ ಇನ್ನೂ ಸಾಕಷ್ಟಿವೆ, ಅವುಗಳ ಭವಿಷ್ಯವೂ ಇದೇ ಬಗೆಯ ಗೊಂದಲದಲ್ಲಿ ಸಿಕ್ಕಿಕೊಂಡಿದೆ. ಆದ್ದರಿಂದ ಸಂಬಂಧಪಟ್ಟವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಮನೆತನದ ಹೆಸರು, ಚಿತ್ರದಲ್ಲಿರುವವರ ಹೆಸರುಗಳು, ಚಿತ್ರಕಾರನ ಹೆಸರಿನ ಮೊದಲಕ್ಷರಗಳು, ಸಂಸ್ಥೆ ಮತ್ತು ತಜ್ಞರ ಗುರುತು ಇವೆಲ್ಲವನ್ನೂ ಕೈಬಿಟ್ಟಿದ್ದೇನೆ. ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನಾದರೂ, ಸಾಕ್ಷ್ಯಗಳು ಸಿಕ್ಕ ಕ್ರಮವನ್ನು ಮತ್ತು ನಿರ್ಧಾರಗಳ ಕ್ರಮವನ್ನು ಇದ್ದಂತೆಯೇ ಇಟ್ಟಿದ್ದೇನೆ.

ಹಿನ್ನೆಲೆ

ಮೈಸೂರಿನಲ್ಲಿ ಭಾವಚಿತ್ರದ ಪರಂಪರೆ ಎರಡು ಬೇರುಗಳಿಂದ ಬೆಳೆದದ್ದು. ಒಂದು, ಸ್ಥಳೀಯ ಚಿತ್ರಗಾರ ಮನೆತನಗಳದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ರಾಜವಂಶಾವಳಿಯನ್ನು ಕಮಲದ ಎಸಳುಗಳಲ್ಲಿ ಜೋಡಿಸಿ ಬರೆದ ಸಂತಾನಾಂಬುಜದಂತಹ ರಚನೆಗಳು ಈ ಬೇರಿನಿಂದ ಬಂದವು, 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಆ ಶೈಲಿಯನ್ನು ಈಗಲೂ ನೋಡಬಹುದು. ಎರಡನೆಯದು ಯುರೋಪಿನ ತೈಲವರ್ಣದ ದಾರಿ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ನಂತರ ಇಲ್ಲಿಗೆ ಬಂದ ಐರಿಷ್ ಚಿತ್ರಕಾರ ಥಾಮಸ್ ಹಿಕಿ ದಿವಾನ್ ಪೂರ್ಣಯ್ಯನವರ ಭಾವಚಿತ್ರ ಬರೆದ. 1885ರಲ್ಲಿ ಚಾಮರಾಜೇಂದ್ರ ಒಡೆಯರು ರಾಜಾ ರವಿವರ್ಮನನ್ನು ರಾಜಪರಿವಾರದ ಚಿತ್ರಗಳಿಗಾಗಿ ಕರೆಸಿಕೊಂಡರು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟು, ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ 1912ರಲ್ಲಿ ಪೂರ್ಣಗೊಳ್ಳುವವರೆಗಿನ ಅವಧಿಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಅದೇ ರವಿವರ್ಮನಿಗೆ ಪುರಾಣದ ಒಂಬತ್ತು ಚಿತ್ರಗಳನ್ನು ಬರೆಯುವ ಕೆಲಸ ಕೊಟ್ಟರು. ಆತ 1906ರಲ್ಲಿ ತೀರಿಕೊಂಡ. ಈ ಕೊನೆಯ ಇಸವಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಅರಮನೆಯಲ್ಲಿ ನಡೆದದ್ದು ಸ್ವಲ್ಪ ಕಾಲದಲ್ಲೇ ಅರಮನೆಗೆ ಹತ್ತಿರದವರ ಮನೆಗಳಲ್ಲೂ ನಡೆಯುತ್ತಿತ್ತು. ಅರಸು ಮನೆತನಗಳವರು, ದರ್ಬಾರಿನಲ್ಲಿ ಆಸನವಿದ್ದ ಅಧಿಕಾರಿಗಳು, ವರ್ಧಂತಿಯ ದಿನ ಬಿರುದು ಪಡೆದವರು ತಮ್ಮ ಹಜಾರಗಳಲ್ಲಿ ಪೇಟ, ಉದ್ದ ಕೋಟು, ವಲ್ಲಿ, ಪದಕಗಳ ಸಮೇತ ತಮ್ಮ ಪಟಗಳನ್ನು ತೂಗುಹಾಕಿಸಿದರು. ಇವರಲ್ಲಿ ಹೆಚ್ಚಿನವರಿಗೆ ರವಿವರ್ಮನನ್ನು ಕರೆಸುವ ಶಕ್ತಿಯಿರಲಿಲ್ಲ. ಅವರ ಕೆಲಸ ಮಾಡಿಕೊಟ್ಟವರು ಅರಮನೆಯ ಸಂಬಳದಲ್ಲಿದ್ದು ಬಿಡುವಿನಲ್ಲಿ ಹೊರಗೆ ಬರೆಯುತ್ತಿದ್ದ ಚಿತ್ರಕಾರರು, ಅವರ ಶಿಷ್ಯರು, ಮತ್ತು ಛಾಯಾಚಿತ್ರವನ್ನು ದೊಡ್ಡದು ಮಾಡಿ ಬಣ್ಣ ಹಚ್ಚುತ್ತಿದ್ದ ಕುಶಲಕರ್ಮಿಗಳು. ಅಂಬಾವಿಲಾಸ ಎಂದು ಕರೆಯುವ ಅದೇ ಹೊಸ ಅರಮನೆಯ ಕಲ್ಯಾಣ ಮಂಟಪದಲ್ಲಿ 1934ರಿಂದ 1945ರವರೆಗೆ ರೂಪುಗೊಂಡ ದಸರಾ ಮೆರವಣಿಗೆಯ 26 ಫಲಕಗಳನ್ನು ನೋಡಿದರೆ ಆ ಕಾಲದ ಚಿತ್ರಕಾರರ ಕೌಶಲ ಎಷ್ಟು ಎತ್ತರದ್ದು ಎಂಬುದು ತಿಳಿಯುತ್ತದೆ. ಕೆ. ಕೇಶವಯ್ಯ, ವೈ. ನಾಗರಾಜು, ವೈ. ಸುಬ್ರಹ್ಮಣ್ಯರಾಜು ಮೊದಲಾದವರು ಛಾಯಾಚಿತ್ರಗಳನ್ನು ಆಧರಿಸಿ ಬರೆದ ಆ ಗೋಡೆಯಲ್ಲಿ ಗುಂಪಿನೊಳಗಿನ ಪ್ರತಿ ಮುಖವೂ ಒಬ್ಬ ನಿಜ ವ್ಯಕ್ತಿಯ ಮುಖದಂತೆ ಕಾಣುತ್ತದೆ.

ನಮ್ಮ ಪ್ರಕರಣದ ಮನೆಯ ಯಜಮಾನರು ಅರಮನೆಯ ಒಂದು ಇಲಾಖೆಯಲ್ಲಿ ಹುದ್ದೆಯಲ್ಲಿದ್ದವರು. ಅವರ ಹಜಾರದಲ್ಲಿ ವಾರಕ್ಕೊಮ್ಮೆ ಸ್ನೇಹಿತರ ಕೂಟ ನಡೆಯುತ್ತಿತ್ತು. ಬಂಧುಗಳು, ಸಹೋದ್ಯೋಗಿಗಳು, ಒಬ್ಬಿಬ್ಬರು ವಕೀಲರು ಸೇರಿ ವೀಣೆ ಅಥವಾ ಹಾಡುಗಾರಿಕೆ ಕೇಳುತ್ತಿದ್ದರು. ಹನ್ನೊಂದು ಚಿತ್ರಗಳಲ್ಲಿ ಒಂಬತ್ತು ಆ ಕೂಟದ ಗಂಡಸರವು, ಹತ್ತನೆಯದು ಮನೆಯ ಯಜಮಾನಿಯದು. ಹನ್ನೊಂದನೆಯದರಲ್ಲಿ ಬಿಳಿಯ ಜರತಾರಿ ಸೀರೆಯುಟ್ಟು ವೀಣೆ ಹಿಡಿದು ಕುಳಿತ, ಹೆಸರಿಲ್ಲದ ಒಬ್ಬ ಹೆಂಗಸು.

ಸಮಸ್ಯೆ

ವೀಣೆಯ ಹೆಂಗಸಿನ ಚಿತ್ರವನ್ನು ಮನೆಯವರು "ರವಿವರ್ಮನ ಪಟ" ಎಂದೇ ಕರೆಯುತ್ತಿದ್ದರು. ಹಾಗೆನ್ನಲು ಅವರಿಗೆ ಇದ್ದ ಆಧಾರ ಪರಂಪರೆಯ ಮಾತು ಮತ್ತು ಚಿತ್ರದ ಸೊಗಸು ಮಾತ್ರ. ರವಿವರ್ಮನ ಸರಸ್ವತಿ ಮುದ್ರಿತ ಪಟವಾಗಿ ಮನೆಮನೆಗೆ ತಲುಪಿದ ಮೇಲೆ, ವೀಣೆ ಹಿಡಿದ ಯಾವ ಹಳೆಯ ತೈಲಚಿತ್ರ ಕಂಡರೂ ಜನ ಅವನ ಹೆಸರನ್ನೇ ಹೇಳುವುದು ಸಹಜವಾಗಿಬಿಟ್ಟಿದೆ.

ಮೂವರು ವಾರಸುದಾರರಿದ್ದರು. ಹಿರಿಯಣ್ಣನಿಗೆ ಚಿತ್ರ ರವಿವರ್ಮನದ್ದೇ ಆಗಬೇಕಿತ್ತು, ಏಕೆಂದರೆ ಪಾಲುಪಟ್ಟಿಯಲ್ಲಿ ಅದೊಂದೇ ಚಿತ್ರದ ಬೆಲೆ ಉಳಿದೆಲ್ಲ ಚರಾಸ್ತಿಗಿಂತ ಹೆಚ್ಚಾಗುತ್ತಿತ್ತು. ವಿದೇಶದಲ್ಲಿ ನೆಲೆಸಿದ್ದ ತಮ್ಮನಿಗೆ ಅದು ರವಿವರ್ಮನದ್ದಾಗಬಾರದಿತ್ತು. ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ 1972ರ ಕಾಯಿದೆಯಡಿ ರವಿವರ್ಮನ ಕೃತಿಗಳನ್ನು 1979ರಲ್ಲಿ ಕಲಾ ನಿಧಿ ಎಂದು ಘೋಷಿಸಿರುವುದರಿಂದ ಅವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಅಜ್ಜಿಯ ಮನೆಯ ನೆನಪಾಗಿ ಆ ಚಿತ್ರವನ್ನು ತನ್ನ ಮನೆಯಲ್ಲಿ ಇಟ್ಟುಕೊಳ್ಳಬೇಕೆಂಬ ಅವರ ಆಸೆಯಲ್ಲಿ ಹಣದ ಲೆಕ್ಕಾಚಾರವಿರಲಿಲ್ಲ. ನಡುವಿನವರಾದ ಅಕ್ಕನಿಗೆ ಬೇಕಿದ್ದದ್ದು ಹನ್ನೊಂದೂ ಚಿತ್ರಗಳು ಒಟ್ಟಿಗೆ ಉಳಿಯುವುದು. ಆದರೆ ಅದಕ್ಕೆ ಅವರ ಬಳಿ ಭಾವನೆಯ ಹೊರತು ಬೇರೆ ವಾದವಿರಲಿಲ್ಲ, ಹಾಗಾಗಿ ಆರಂಭದಲ್ಲಿ ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇದರ ಜೊತೆಗೆ ಒಂದು ತುರ್ತೂ ಇತ್ತು. ಮಳೆಗಾಲದ ತೇವದಿಂದ ಆ ಚಿತ್ರದ ಕ್ಯಾನ್ವಾಸ್ ಜೋತುಬಿದ್ದಿತ್ತು, ಕೆಳಗಿನ ಮೂಲೆಯಲ್ಲಿ ಬಣ್ಣ ಎದ್ದಿತ್ತು. ದುರಸ್ತಿಗೆ ಬಂದವರೊಬ್ಬರು ಹಿಂಬದಿಗೆ ಹೊಸ ಬಟ್ಟೆ ಅಂಟಿಸಿ, ಮುಂಬದಿಯ ಹಳದಿಗಟ್ಟಿದ ವಾರ್ನಿಶ್ ತೆಗೆದು, ಹೊಸ ಚೌಕಟ್ಟು ಹಾಕಿಕೊಡುವುದಾಗಿ ಹೇಳಿದ್ದರು. ಹಿರಿಯಣ್ಣ ಅರ್ಧ ಒಪ್ಪಿಯೂ ಆಗಿತ್ತು.

ಮೊದಲ ತಿರುವು: ದುರಸ್ತಿಯನ್ನು ತಡೆದದ್ದು

ಈ ಪ್ರಕರಣದಲ್ಲಿ ಅತ್ಯಂತ ಮುಖ್ಯವಾದ ತೀರ್ಮಾನ ಯಾವುದೆಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಹಿಂಬದಿಗೆ ಬಟ್ಟೆ ಅಂಟಿಸಿದ ಕ್ಷಣದಲ್ಲಿ ಹಳೆಯ ಕ್ಯಾನ್ವಾಸಿನ ಬೆನ್ನು ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಹೊಸ ಚೌಕಟ್ಟು ಬಂದರೆ ಹಳೆಯ ಚೌಕಟ್ಟು ಸೌದೆಯಾಗುತ್ತದೆ, ಅದರ ಮೇಲಿದ್ದ ಅಂಗಡಿಯ ಚೀಟಿಯೂ ಅದರೊಂದಿಗೇ ಹೋಗುತ್ತದೆ. ಎದ್ದ ಬಣ್ಣ ಉದುರದಂತೆ ತಾತ್ಕಾಲಿಕವಾಗಿ ಭದ್ರಪಡಿಸಿ, ಉಳಿದ ಯಾವ ಕೆಲಸವನ್ನೂ ದಾಖಲೀಕರಣ ಮುಗಿಯುವವರೆಗೆ ಮಾಡಕೂಡದು ಎಂದು ಅಕ್ಕ ಹಟ ಹಿಡಿದರು. ಆವರೆಗೆ ಅವರ ಮಾತಿಗೆ ಬೆಲೆ ಕೊಡದಿದ್ದ ಇಬ್ಬರು ಸೋದರರೂ ಇದಕ್ಕೆ ಒಪ್ಪಿದರು. ಹಿಂಬದಿಯಲ್ಲಿ ರವಿವರ್ಮನ ಸಹಿ ಸಿಗಬಹುದೆಂಬ ಆಸೆ ಒಬ್ಬರಿಗೆ, ಬೇರೊಬ್ಬರ ಸಹಿ ಸಿಗಬಹುದೆಂಬ ಆಸೆ ಮತ್ತೊಬ್ಬರಿಗೆ. ಒಪ್ಪಿಗೆಯ ಕಾರಣಗಳು ಬೇರೆಬೇರೆಯಾಗಿದ್ದರೂ ಚಿತ್ರ ಉಳಿಯಿತು.

ಹನ್ನೊಂದೂ ಚಿತ್ರಗಳನ್ನು ಗೋಡೆಯಿಂದ ಇಳಿಸಿ ಎರಡೂ ಬದಿಯ ಛಾಯಾಚಿತ್ರ ತೆಗೆಯಲಾಯಿತು. ಯಾವುದರ ಹಿಂದೆಯೂ ಸಹಿ ಇರಲಿಲ್ಲ. ಆದರೆ ಏಳು ಕ್ಯಾನ್ವಾಸುಗಳ ಬೆನ್ನಿಗೆ ಲಂಡನ್ನಿನ ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ ಮುದ್ರೆಯಿತ್ತು, ವೀಣೆಯ ಹೆಂಗಸಿನ ಚಿತ್ರವೂ ಆ ಏಳರಲ್ಲಿ ಒಂದು. ಮುದ್ರೆಯಲ್ಲಿ 'ಲಿಮಿಟೆಡ್' ಎಂದಿದ್ದುದರಿಂದ ಅದು 1882ಕ್ಕಿಂತ ಈಚಿನದೆಂದು ಖಚಿತವಾಯಿತು. ಇದರಿಂದ ಯಾರ ವಾದವೂ ಗೆಲ್ಲಲಿಲ್ಲ. ರವಿವರ್ಮನಂತಹವರು ಬಳಸಬಹುದಾಗಿದ್ದ ಆಮದಿನ ಕ್ಯಾನ್ವಾಸನ್ನು ಅರಮನೆಯ ಬೇರೆ ಚಿತ್ರಕಾರರೂ ಬಳಸಬಹುದಿತ್ತು, ತಂದಿಟ್ಟ ಸುರುಳಿ ವರ್ಷಗಟ್ಟಲೆ ಉಗ್ರಾಣದಲ್ಲಿ ಉಳಿದಿರಲೂಬಹುದಿತ್ತು. ಹಾಗಿದ್ದರೂ ಏಳು ಕ್ಯಾನ್ವಾಸುಗಳ ನೇಯ್ಗೆ, ಮುದ್ರೆ, ಒಳಪಟ್ಟಿಗೆ ಮೊಳೆ ಹೊಡೆದ ರೀತಿ ಒಂದೇ ಆಗಿದ್ದವು. ಅಂದರೆ ಅವು ಒಂದೇ ಕಡೆ, ಒಂದೇ ಕೈಯಲ್ಲಿ ಸಿದ್ಧವಾದವು. ಪ್ರತ್ಯೇಕ ರತ್ನವೆಂದು ಎಲ್ಲರೂ ಭಾವಿಸಿದ್ದ ಚಿತ್ರ ಗುಂಪಿನ ಒಂದು ಭಾಗವೆಂದು ಮೊದಲು ತೋರಿಸಿದ್ದು ಈ ಮೊಳೆಗಳು.

ಪ್ರಯತ್ನಗಳು

ಹಿರಿಯರ ನೆನಪನ್ನು ದಾಖಲಿಸುವಾಗ "ಇದನ್ನು ಬರೆದವರು ಯಾರು" ಎಂದು ನೇರವಾಗಿ ಕೇಳಬಾರದೆಂದು ನಾವು ಮೊದಲೇ ನಿಶ್ಚಯಿಸಿದ್ದೆವು. ಹಾಗೆ ಕೇಳಿದರೆ ಬರುವ ಉತ್ತರ ಮನೆಯಲ್ಲಿ ಆಗಲೇ ಚಲಾವಣೆಯಲ್ಲಿರುವ ಉತ್ತರವೇ ಆಗಿರುತ್ತದೆ. ಅದರ ಬದಲು ಯಾವ ಪಟ ಎಲ್ಲಿ ತೂಗುತ್ತಿತ್ತು, ಕೂಟದ ದಿನ ಯಾರು ಎಲ್ಲಿ ಕೂರುತ್ತಿದ್ದರು, ಊಟಕ್ಕೆ ಯಾರನ್ನು ಒಳಗೆ ಕರೆಯುತ್ತಿದ್ದರು ಎಂದು ಕೇಳಿದೆವು. ತೊಂಬತ್ತರ ಅಂಚಿನಲ್ಲಿದ್ದ ದೊಡ್ಡಮ್ಮನವರೊಬ್ಬರು ಹೇಳಿದ ಮಾತು ಇಡೀ ತನಿಖೆಯ ದಿಕ್ಕನ್ನು ತಿರುಗಿಸಿತು: "ನಮ್ಮಮ್ಮ ಆ ಪಟದ ಎದುರಿಗೆ ಕೂತೇ ವೀಣೆ ಸಾಧನೆ ಮಾಡುತ್ತಿದ್ದರು. ಅದು ಯಾರಮ್ಮಾ ಅಂತ ಕೇಳಿದರೆ ಮಾತ್ರ ಸುಮ್ಮನಾಗಿಬಿಡುತ್ತಿದ್ದರು." ದೊಡ್ಡಮ್ಮನವರ ತಾಯಿ, ಅಂದರೆ ಯಜಮಾನರ ಮಗಳು, ಆ ಹೆಂಗಸಿನ ಶಿಷ್ಯೆಯಾಗಿದ್ದಿರಬಹುದೇ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು.

ಉತ್ತರ ಸಿಕ್ಕಿದ್ದು ಅಟ್ಟದ ಮೇಲಿದ್ದ ಜಮಾ-ಖರ್ಚಿನ ಪುಸ್ತಕಗಳಲ್ಲಿ. ಗುಮಾಸ್ತರ ಕೈಬರಹ ಓದಲು ಕಷ್ಟ, ಇಸವಿಯ ಬದಲು ಸಂವತ್ಸರದ ಹೆಸರು ಮಾತ್ರ. ಭಾವಚಿತ್ರಗಳ ಖರ್ಚು ದಾಖಲಾಗಿದ್ದದ್ದು ರಕ್ತಾಕ್ಷಿ ಸಂವತ್ಸರದ ಪುಸ್ತಕದಲ್ಲಿ. ಅರವತ್ತು ವರ್ಷಗಳಿಗೊಮ್ಮೆ ಮರಳುವ ಆ ಹೆಸರು 1864–65ಕ್ಕೂ ಸಲ್ಲುತ್ತದೆ, 1924–25ಕ್ಕೂ ಸಲ್ಲುತ್ತದೆ. ಅದೇ ಪುಸ್ತಕದಲ್ಲಿ ಪ್ರತಿ ತಿಂಗಳೂ ವಿದ್ಯುತ್ ದೀಪದ ಬಿಲ್ಲಿನ ನಮೂದಿದ್ದುದರಿಂದ ಸಂಶಯ ಕಳೆಯಿತು. ಶಿವನಸಮುದ್ರದ ವಿದ್ಯುತ್ತು ಮೈಸೂರು ನಗರಕ್ಕೆ ಬಂದದ್ದು 1908ರಲ್ಲಿ.

ಆ ಪುಸ್ತಕ ತೆರೆದು ತೋರಿಸಿದ್ದು ತಾರೀಖನ್ನಷ್ಟೇ ಅಲ್ಲ. ಕೂಟದವರಿಗೂ ಕಲಾವಿದರಿಗೂ ಇದ್ದ ಸಂಬಂಧದ ನಿಜಸ್ವರೂಪವನ್ನು ಯಾವ ಭಾವಚಿತ್ರವೂ ಅಷ್ಟು ಸ್ಪಷ್ಟವಾಗಿ ಹೇಳಲಾರದು. ಚಿತ್ರಕಾರನಿಗೆ ಕೊಟ್ಟ ಹಣವೆಲ್ಲ ಮನೆ ರಿಪೇರಿಯ ಬಾಬಿನಲ್ಲಿ ಬಡಗಿ, ಸುಣ್ಣ ಬಳಿಯುವವರ ಜೊತೆಯಲ್ಲಿತ್ತು. ಅವನ ಹೆಸರು ಪೂರ್ಣವಾಗಿ ಎಲ್ಲೂ ಇಲ್ಲ, ಎರಡು ಅಕ್ಷರ ಮತ್ತು "ಪಟ ಬರೆಯುವವ" ಎಂಬ ಗುರುತು ಮಾತ್ರ. ಅದೇ ಮನುಷ್ಯ ಅದೇ ವರ್ಷ ಸಾರೋಟಿನ ಬಾಗಿಲಿಗೆ ಗಂಡಭೇರುಂಡದ ಲಾಂಛನ ಬರೆದಿದ್ದಾನೆ, ನವರಾತ್ರಿಯ ಬೊಂಬೆ ಕೂರಿಸುವ ಮೆಟ್ಟಿಲುಗಳ ಹಿಂದಿನ ಪರದೆ ಬರೆದಿದ್ದಾನೆ. ಪಟಗಳಲ್ಲಿ ಬರೆಯಲೆಂದು ಗಂಡಸರ ಪದಕಗಳನ್ನು ಅವನ ಕೈಗೆ ಕೊಟ್ಟು ಮತ್ತೆ ಎಣಿಸಿ ಪಡೆದುಕೊಂಡದ್ದಕ್ಕೂ ನಮೂದಿದೆ. ವೀಣೆಯ ವಿದುಷಿಗೆ ಕೊಟ್ಟದ್ದು ಪೂಜೆ ಮತ್ತು ಉತ್ಸವದ ಬಾಬಿನಲ್ಲಿದೆ: ಕಛೇರಿಯ ದಿನದ ಸಂಭಾವನೆ, ದಸರಾಕ್ಕೆ ಸೀರೆ ಮತ್ತು ಕುಪ್ಪಸದ ಕಣ, ಗಾಡಿ ಬಾಡಿಗೆ, ಮಗಳಿಗೆ ಪಾಠ ಹೇಳಿಕೊಟ್ಟದ್ದಕ್ಕೆ ತಿಂಗಳ ಮೊತ್ತ. ಆಕೆಯ ಹೆಸರು ಪೂರ್ಣವಾಗಿ, ಗೌರವದ ಪ್ರತ್ಯಯದೊಂದಿಗೆ ಬರೆಯಲ್ಪಟ್ಟಿದೆ. ಪುಸ್ತಕದಲ್ಲಿ ಇಷ್ಟು ಗೌರವ ಪಡೆದವಳ ಹೆಸರನ್ನು ಮುಂದಿನ ತಲೆಮಾರು ಬಾಯಿಬಿಟ್ಟು ಹೇಳಲಿಲ್ಲ ಎಂಬುದು ನನ್ನನ್ನು ಬಹಳ ಕಾಡಿತು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿದ ಮೇಲೆ, ಸಂಗೀತ ನೃತ್ಯಗಳಿಂದ ಬದುಕುತ್ತಿದ್ದ ಹೆಂಗಸರನ್ನು ಪ್ರತಿಷ್ಠಿತ ಮನೆಗಳು ಕೇಳಲು ಕರೆಸುತ್ತಿದ್ದವೇ ಹೊರತು ತಮ್ಮವರೆಂದು ಹೇಳಿಕೊಳ್ಳಲು ಹಿಂಜರಿಯುತ್ತಿದ್ದವು. ಆಕೆ ಯಾವ ಹಿನ್ನೆಲೆಯವರೆಂಬುದು ಪುಸ್ತಕದಲ್ಲಿಲ್ಲ. ಆದರೆ ಒಂಬತ್ತು ಗಂಡಸರ ಜೊತೆ ಗೋಡೆಯಲ್ಲಿ ಸ್ಥಾನ ಪಡೆದವಳಿಗೆ ಮಾತಿನಲ್ಲಿ ಸ್ಥಾನ ಸಿಗದಿದ್ದುದರ ಹಿಂದೆ ಈ ಹಿಂಜರಿಕೆಯಿದ್ದಿರಬೇಕು ಎಂದೇ ನನ್ನ ನಂಬಿಕೆ.

'ರವಿವರ್ಮ' ಎಂಬ ಹೆಸರು ಮನೆಯ ಕಾಗದಪತ್ರಗಳಲ್ಲಿ ಮೊದಲ ಬಾರಿ ಕಾಣಿಸಿಕೊಳ್ಳುವುದು 1980ರ ದಶಕದ ಒಂದು ಸಾಮಾನುಪಟ್ಟಿಯಲ್ಲಿ, ಅಂದರೆ ಅವನ ಕೃತಿಗಳು ಕಲಾ ನಿಧಿಯೆಂದು ಘೋಷಿತವಾದ ನಂತರ. ಅದಕ್ಕೂ ಹಿಂದಿನ ಪಟ್ಟಿಗಳಲ್ಲಿ ಅದೇ ಚಿತ್ರ "ವೀಣೆ ಪಟ" ಮಾತ್ರ.

ಪ್ರಯೋಗಾಲಯದ ಪರೀಕ್ಷೆ

ಹಿರಿಯಣ್ಣನಿಗೆ ಲೆಕ್ಕದ ಪುಸ್ತಕ ಸಾಕಾಗಲಿಲ್ಲ. ಆ ನಮೂದು ಬೇರೆ ಯಾವುದೋ ಪಟದ್ದಿರಬಹುದು ಎಂಬ ಅವರ ಆಕ್ಷೇಪ ನ್ಯಾಯವಾದದ್ದೇ ಆಗಿತ್ತು. ಹಾಗಾಗಿ ಚಿತ್ರವನ್ನು ಸಂರಕ್ಷಣಾ ತಜ್ಞರ ಬಳಿಗೆ ಒಯ್ಯಲಾಯಿತು. ಮೂರು ಪರೀಕ್ಷೆಗಳು ನಡೆದವು, ಅವನ್ನು ಮಾಡಿದ ಕ್ರಮವೂ ಮುಖ್ಯ.

ಮೊದಲು ನೇರಳಾತೀತ ದೀಪದಡಿ ಚಿತ್ರವನ್ನು ನೋಡಿದರು. ಹಳೆಯ ವಾರ್ನಿಶ್ ಹಸಿರುಮಿಶ್ರಿತವಾಗಿ ಹೊಳೆಯಿತು, ನಂತರದ ತಿದ್ದುಪಡಿಗಳು ಕಪ್ಪು ಕಲೆಗಳಾಗಿ ಕಂಡವು. ತಿದ್ದುಪಡಿಯಿಲ್ಲದ ಜಾಗಗಳು ಯಾವುವೆಂದು ಹೀಗೆ ಗುರುತಿಸಿಕೊಂಡ ಮೇಲೆಯೇ, ಸೀರೆಯ ಮಡಿಕೆಗಳಲ್ಲಿನ ಬಿಳಿ ಬಣ್ಣವನ್ನು ಬಣ್ಣದಲ್ಲಿರುವ ಧಾತುಗಳನ್ನು ಗುರುತಿಸುವ ಕ್ಷ-ಕಿರಣ ಪ್ರತಿದೀಪ್ತಿಯ ಉಪಕರಣದಿಂದ ಪರೀಕ್ಷಿಸಿದರು. ಸೀಸ ಮತ್ತು ಸತುವಿನ ಜೊತೆಗೆ ಹಲವು ಜಾಗಗಳಲ್ಲಿ ಟೈಟಾನಿಯಂ ಸಿಕ್ಕಿತು. ಟೈಟಾನಿಯಂ ಬಿಳಿ ವಾಣಿಜ್ಯ ಪ್ರಮಾಣದಲ್ಲಿ ತಯಾರಾದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ, ಚಿತ್ರಕಾರರ ಕೈಸೇರಿದ್ದು 1920ರ ಸುಮಾರಿಗೆ. 1906ರಲ್ಲಿ ತೀರಿಕೊಂಡ ಚಿತ್ರಕಾರ ಅದನ್ನು ಬಳಸಿರಲು ಸಾಧ್ಯವೇ ಇಲ್ಲ. ತಿದ್ದುಪಡಿಯ ಜಾಗಗಳನ್ನು ಮೊದಲೇ ಬೇರ್ಪಡಿಸದಿದ್ದರೆ ಈ ಫಲಿತಾಂಶಕ್ಕೆ ಬೆಲೆಯೇ ಇರುತ್ತಿರಲಿಲ್ಲ, ಏಕೆಂದರೆ ದುರಸ್ತಿ ಮಾಡಿದವರ ಬಣ್ಣದಲ್ಲಿ ಟೈಟಾನಿಯಂ ಇದ್ದೇ ಇರುತ್ತದೆ.

ಮೂರನೆಯದು ಅವಗೆಂಪು ಛಾಯಾಗ್ರಹಣ. ಇದನ್ನು ಹನ್ನೊಂದೂ ಚಿತ್ರಗಳಿಗೆ ಮಾಡಿಸಬೇಕೆಂದು ಅಕ್ಕ ಕೇಳಿಕೊಂಡರು, ಖರ್ಚನ್ನೂ ತಾವೇ ಕೊಟ್ಟರು. ಒಂಬತ್ತು ಗಂಡಸರ ಮತ್ತು ಯಜಮಾನಿಯ ಚಿತ್ರಗಳಲ್ಲಿ ಬಣ್ಣದ ಕೆಳಗೆ ಪೆನ್ಸಿಲ್ಲಿನ ಚೌಕುಳಿ ಗೆರೆಗಳು ಕಂಡವು. ಛಾಯಾಚಿತ್ರವನ್ನು ಚೌಕಗಳಾಗಿ ವಿಂಗಡಿಸಿ ದೊಡ್ಡದು ಮಾಡಿಕೊಂಡು ಬರೆದದ್ದರ ಗುರುತು ಅದು. ಮುಖದ ಮೇಲಿನ ಬೆಳಕು ಸ್ಟುಡಿಯೋದ ಬೆಳಕು, ಪದಕದ ಮೇಲಿನ ಬೆಳಕು ಕಿಟಕಿಯ ಬೆಳಕು ಎಂಬ ಹೊಂದದ ವಿವರಕ್ಕೂ ಕಾರಣ ತಿಳಿಯಿತು: ಮುಖ ಛಾಯಾಚಿತ್ರದಿಂದ ಬಂದದ್ದು, ಪದಕ ಎಣಿಸಿ ಕೊಟ್ಟದ್ದು. ವೀಣೆಯ ಹೆಂಗಸಿನ ಚಿತ್ರದಲ್ಲಿ ಮಾತ್ರ ಒಂದು ಚೌಕವೂ ಇಲ್ಲ. ಎಡಗೈ ಬೆರಳುಗಳನ್ನು ಎರಡು ಬಾರಿ ಬರೆದು ಅಳಿಸಿ, ಮೂರನೆಯ ಬಾರಿ ವೀಣೆಯ ಒಂದು ಮೆಟ್ಟಿಲಿನಷ್ಟು ಕೆಳಗೆ ಸರಿಸಲಾಗಿದೆ. ಆಕೆಯನ್ನು ಎದುರಿಗೆ ಕೂರಿಸಿಕೊಂಡು, ನುಡಿಸುವ ಕೈಯನ್ನು ನೋಡುತ್ತ ಬರೆದ ಚಿತ್ರ ಅದು. ಕಿವಿ ಮತ್ತು ಉಗುರುಗಳನ್ನು ಬರೆದ ರೀತಿಯನ್ನು ಉಳಿದ ಆರು ಕ್ಯಾನ್ವಾಸುಗಳೊಂದಿಗೆ ಹೋಲಿಸಿದ ತಜ್ಞರು, ಏಳೂ ಒಂದೇ ಕೈಯವು ಎಂಬ ಅಭಿಪ್ರಾಯಕ್ಕೆ ಬಂದರು.

ರಿಪೇರಿಯ ಬಾಬಿನಲ್ಲಿ ಕೂಲಿ ಪಡೆದ, ಗಂಡಸರ ಮುಖಗಳನ್ನು ಚೌಕ ಎಳೆದು ನಕಲು ಮಾಡಬೇಕಾಗಿದ್ದ ಒಬ್ಬ ಚಿತ್ರಕಾರನಿಗೆ ಜೀವಂತ ಮನುಷ್ಯರನ್ನು ಎದುರಿಗಿಟ್ಟುಕೊಂಡು ಬರೆಯುವ ಅವಕಾಶ ಆ ಮನೆಯಲ್ಲಿ ಸಿಕ್ಕಿದ್ದು ಒಮ್ಮೆ ಮಾತ್ರ, ಅದೂ ತನ್ನಂತೆಯೇ ಸಂಭಾವನೆಗಾಗಿ ಬರುತ್ತಿದ್ದ ಇನ್ನೊಬ್ಬ ಕಲಾವಿದೆಯ ಎದುರಿನಲ್ಲಿ. ದರ್ಬಾರಿಗಳಿಗೆ ಗಂಟೆಗಟ್ಟಲೆ ಕೂರುವ ಬಿಡುವಿರಲಿಲ್ಲ, ಆಕೆಗೆ ಇತ್ತು. ಹಜಾರದ ಅತ್ಯುತ್ತಮ ಚಿತ್ರ ಅದೇ ಆಗಿರುವುದಕ್ಕೆ ನನಗೆ ತೋರುವ ಕಾರಣ ಇದು. ಆ ಊರಿನಲ್ಲಿ ಚಿತ್ರಕ್ಕೂ ವೀಣೆಗೂ ಇದ್ದ ನಂಟು ಹೊಸದೇನಲ್ಲ. ಬಂಗಾಳದ ಚಿತ್ರಕಾರ ಅಬನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ ಚಿತ್ರಕಾರ ಕೆ. ವೆಂಕಟಪ್ಪನವರು ವೀಣೆ ಶೇಷಣ್ಣನವರಲ್ಲಿ ಶ್ರದ್ಧೆಯಿಂದ ವೀಣೆ ಅಭ್ಯಾಸ ಮಾಡಿದವರು. ನಮ್ಮ ಚಿತ್ರಕಾರನೂ ತಂತಿಯ ಮೇಲೆ ಬೆರಳು ಕೂರುವ ಜಾಗವನ್ನು ಬಲ್ಲವನಾಗಿದ್ದ ಎಂದು ಆ ತಿದ್ದಿದ ಕೈ ಹೇಳುತ್ತದೆ.

ನಡೆದದ್ದು

ಫಲಿತಾಂಶ ಬಂದ ಮೇಲೆ ಹಿರಿಯಣ್ಣ ಬೇರೊಬ್ಬ ವ್ಯಾಪಾರಿಯಿಂದ ಇದು ರವಿವರ್ಮನ ಶೈಲಿಯದೆಂಬ ಪ್ರಮಾಣಪತ್ರ ತಂದರು. ಪ್ರಮಾಣಪತ್ರದಲ್ಲಿ ಯಾವ ಪರೀಕ್ಷೆಯ ಉಲ್ಲೇಖವೂ ಇರಲಿಲ್ಲ. ತಮ್ಮ ಅದನ್ನು ತಿರಸ್ಕರಿಸಿದರು, ಮಾತು ಬಿಗಿಯಾಯಿತು, ಕೆಲವು ಕಾಲ ಕುಟುಂಬದವರು ಒಟ್ಟಿಗೆ ಕೂರಲೂ ಇಲ್ಲ.

ಗಂಟು ಸಡಿಲಿಸಿದ್ದು ಕಾನೂನಿನ ಇನ್ನೊಂದು ಅಂಶ. ಅದೇ 1972ರ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ಚಿತ್ರ, ಬರೆದವರು ಯಾರೇ ಆಗಿರಲಿ, ಪುರಾತನ ವಸ್ತುವಾಗುತ್ತದೆ ಮತ್ತು ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ರಕ್ತಾಕ್ಷಿ ಸಂವತ್ಸರದ ಲೆಕ್ಕ ಹಿಡಿದರೆ, ಮಾತುಕತೆ ನಡೆಯುತ್ತಿದ್ದ ಕಾಲದಲ್ಲೇ ಆ ನೂರು ವರ್ಷ ತುಂಬುವುದಿತ್ತು. ಆತುರಪಟ್ಟು ಪುರಾತನ ವಸ್ತುವಲ್ಲ ಎಂಬ ದೃಢೀಕರಣ ಪಡೆದು ಚಿತ್ರವನ್ನು ಒಯ್ಯುವ ಸಣ್ಣ ಅವಕಾಶ ತಮ್ಮನ ಮುಂದಿತ್ತು. ಅವರು ಹಾಗೆ ಮಾಡಲಿಲ್ಲ. ಅವಗೆಂಪು ಛಾಯಾಚಿತ್ರದಲ್ಲಿ ಮೂರು ಬಾರಿ ಬರೆದ ಬೆರಳುಗಳನ್ನು ಕಂಡ ದಿನವೇ ಅವರು ಮನಸ್ಸು ಬದಲಿಸಿದ್ದರೆಂದು ಅಕ್ಕ ನಂತರ ನಮಗೆ ತಿಳಿಸಿದರು. ಚಿತ್ರವನ್ನು ಉಳಿದವುಗಳ ಜೊತೆಗೇ ಇಡುವುದಾದರೆ ತಮ್ಮ ಪಾಲಿನ ಹಕ್ಕನ್ನು ಬಿಟ್ಟುಕೊಡುವುದಾಗಿ ಅವರು ಬರೆದು ಕಳಿಸಿದರು.

ಹಿರಿಯಣ್ಣನಿಗೆ ನಿವೇಶನವೊಂದರಲ್ಲಿ ಹೆಚ್ಚಿನ ಪಾಲು ಕೊಟ್ಟು ಒಪ್ಪಂದವಾಯಿತು. ಆದರೂ ಅವರು ತಮ್ಮ ಮುತ್ತಜ್ಜನ ಮತ್ತು ಮುತ್ತಜ್ಜಿಯ ಚಿತ್ರಗಳನ್ನು ಇಟ್ಟುಕೊಂಡರು, ಆ ಎರಡು ಈಗ ಅವರ ಮನೆಯಲ್ಲಿವೆ. ಉಳಿದ ಒಂಬತ್ತು ಚಿತ್ರಗಳು, ಲೆಕ್ಕದ ಪುಸ್ತಕಗಳ ಸಮೇತ, ಒಂದು ಸಾರ್ವಜನಿಕ ಸಂಸ್ಥೆಗೆ ದೀರ್ಘಾವಧಿ ಎರವಲಿನ ಮೇಲೆ ಹೋದವು. ಕೂಟದ ಯಜಮಾನರೇ ಇಲ್ಲದ ಕೂಟ ಗೋಡೆಯ ಮೇಲಿದೆ ಎಂಬ ಕೊರತೆ ನನಗಿನ್ನೂ ಇದೆ. ಒಪ್ಪಂದದ ಕರಡಿನಲ್ಲೇ ಆ ಎರಡು ಚಿತ್ರಗಳ ಉತ್ತಮ ಗುಣಮಟ್ಟದ ಪ್ರತಿ ಕೊಡಬೇಕೆಂಬ ಷರತ್ತು ಸೇರಿಸಬಹುದಿತ್ತು, ಕರಡು ಬರೆದವರು ಅದನ್ನು ಸೇರಿಸಲಿಲ್ಲ.

ಈ ಪ್ರಕರಣದಿಂದ ಕಾಣುವುದು

ಇಂಥ ಸಂಗ್ರಹವನ್ನು ಕೈಗೆತ್ತಿಕೊಳ್ಳುವವರಿಗೆ ನಾನು ಒತ್ತಿ ಹೇಳಬಯಸುವುದು, ಹೆಸರಾಂತ ಚಿತ್ರಕಾರನನ್ನು ಹುಡುಕುವ ಪ್ರಶ್ನೆಯಿಂದ ಆರಂಭಿಸಬಾರದು ಎಂಬುದು. ಆ ಪ್ರಶ್ನೆ ಒಂದು ಚಿತ್ರವನ್ನು ಗುಂಪಿನಿಂದ ಕಿತ್ತು ಎತ್ತರದಲ್ಲಿ ಕೂರಿಸಿ ಉಳಿದ ಹತ್ತನ್ನು ಅಲಂಕಾರದ ಸಾಮಾನಾಗಿಸುತ್ತದೆ. ಈ ಮನೆಯಲ್ಲಿ ಉತ್ತರ ಸಿಕ್ಕಿದ್ದೇ ಹನ್ನೊಂದನ್ನೂ ಒಟ್ಟಿಗೆ ಇಳಿಸಿ, ಒಟ್ಟಿಗೆ ತಿರುಗಿಸಿ ನೋಡಿದ್ದರಿಂದ. ಚೌಕುಳಿ ಇಲ್ಲದ ಚಿತ್ರದ ವಿಶೇಷ ಗೊತ್ತಾಗಲು ಚೌಕುಳಿ ಇರುವ ಹತ್ತು ಚಿತ್ರಗಳು ಬೇಕಾದವು.

ಹಾಗೆಯೇ, ಸಿರಿವಂತರ ಮನೆಯ ಜಮಾ-ಖರ್ಚಿನ ಪುಸ್ತಕವನ್ನು ಭಾವಚಿತ್ರದಷ್ಟೇ ಜೋಪಾನ ಮಾಡಬೇಕು. ಅಟ್ಟ ಖಾಲಿ ಮಾಡುವಾಗ ಹಳೆಯ ಕಾಗದದ ವ್ಯಾಪಾರಿಗೆ ಹಾಕುವ ಮೊದಲ ವಸ್ತುವೇ ಅದು. ಯಾರು ಯಾರ ಆಶ್ರಯದಲ್ಲಿದ್ದರು ಎಂದು ಭಾವಚಿತ್ರಗಳು ಹೇಳುತ್ತವೆ, ಆ ಆಶ್ರಯಕ್ಕೆ ಎಷ್ಟು ಕೊಟ್ಟರು, ಯಾವ ಬಾಬಿನಲ್ಲಿ ಬರೆದರು ಎಂಬುದನ್ನು ಪುಸ್ತಕ ಮಾತ್ರ ಹೇಳುತ್ತದೆ.

ಚಿತ್ರದಲ್ಲಿರುವವರ ಗುರುತಿನ ವಿಷಯದಲ್ಲಿ ಆತುರ ಸಲ್ಲದು. ಹಿಕಿ 1805ರ ಸುಮಾರಿಗೆ ಮೈಸೂರಿನಲ್ಲಿ ಬರೆದ ಮೂವರು ಹೆಂಗಸರ ಪ್ರಸಿದ್ಧ ಚಿತ್ರವನ್ನು ಬಹುಕಾಲ ನರ್ತಕಿಯರದ್ದೆಂದು ಭಾವಿಸಲಾಗಿತ್ತು. ಅವರು ರಾಜಪರಿವಾರದ ಸ್ತ್ರೀಯರೆಂದೂ ಸಿಡುಬಿನ ಲಸಿಕೆಯ ಪ್ರಚಾರಕ್ಕೂ ಆ ಚಿತ್ರಕ್ಕೂ ಸಂಬಂಧವಿದೆಯೆಂದೂ ಇತಿಹಾಸಕಾರರು ವಾದಿಸಿದ್ದು ಎರಡು ಶತಮಾನಗಳ ನಂತರ. ಅಲ್ಲಿ ಕಲಾವಿದೆಯರೆಂದುಕೊಂಡವರು ರಾಣಿಯರಾದರು. ನಮ್ಮಲ್ಲಿ ದೇವಿಯಂತೆಯೋ ಮನೆಯ ಪೂರ್ವಜೆಯಂತೆಯೋ ನೋಡುತ್ತಿದ್ದವಳು ಕಲಾವಿದೆಯಾದಳು. ಈ ಎರಡನೆಯ ಬದಲಾವಣೆಯನ್ನು ಒಪ್ಪಿಕೊಳ್ಳುವುದು ಮನೆಯ ಕೆಲವರಿಗೆ ಕಷ್ಟವಾಯಿತು, ಅದನ್ನು ಮುಚ್ಚಿಟ್ಟರೆ ಸಾಲದೇ ಎಂದು ಒಬ್ಬರು ಕೇಳಿದರು ಕೂಡ.

ಹೆಸರಿನ ಫಲಕ

ಸಂಸ್ಥೆಯವರು ಫಲಕ ಬರೆಯುವ ಹಂತದಲ್ಲಿ ವಿದುಷಿಯ ಹೆಸರನ್ನು ಹಾಕುವುದೋ ಬಿಡುವುದೋ ಎಂಬ ಪ್ರಶ್ನೆ ಎದ್ದಿತು. ಆಕೆಯ ವಂಶದವರಿಗೆ ಮುಜುಗರವಾಗಬಾರದು ಎಂಬ ಕಾರಣ ಮುಂದಿಟ್ಟು "ಅಪರಿಚಿತ ಮಹಿಳೆ" ಎಂದೇ ಬರೆಯಬೇಕೆಂದು ಮನೆತನದ ಇಬ್ಬರು ಹಿರಿಯರು ಸೂಚಿಸಿದರು. ಆ ವಂಶದವರನ್ನೇ ಕೇಳಿ ನೋಡೋಣ ಎಂದವರು ಅಕ್ಕ. ಸಂಗೀತ ಪಾಠ ಹೇಳುವ ಮನೆಗಳ ಮೂಲಕ ವಿಚಾರಿಸಿದಾಗ, ಆಕೆಯ ಮರಿಮಗಳು ಅದೇ ನಗರದಲ್ಲಿ ವೀಣೆ ಕಲಿಸುತ್ತಿರುವುದು ತಿಳಿಯಿತು. ಅವರು ಬಂದು ಚಿತ್ರವನ್ನು ನೋಡಿದರು. ಮುಜುಗರದ ಮಾತು ಅವರಿಗೆ ಅರ್ಥವೇ ಆಗಲಿಲ್ಲ. "ಮುತ್ತಜ್ಜಿ ಯಾವ ಮನೆಯಲ್ಲಿ ಎಷ್ಟು ಕಛೇರಿ ಮಾಡಿದ್ದರು ಅನ್ನೋದೇ ನಮಗೆ ಗೊತ್ತಿರಲಿಲ್ಲ, ಆ ಪುಸ್ತಕದ ಹಾಳೆಗಳ ಪ್ರತಿ ನಮಗೂ ಕೊಡಿ" ಎಂದು ಕೇಳಿದರು, ಹೆಸರನ್ನು ಪೂರ್ಣವಾಗಿ ಬರೆಯಬೇಕೆಂದರು. ಅವರ ಮನೆಯಲ್ಲಿದ್ದ ಮುತ್ತಜ್ಜಿಯ ಹಳೆಯ ಛಾಯಾಚಿತ್ರದ ಮುಖ ತೈಲಚಿತ್ರದ ಮುಖಕ್ಕೆ ಹೊಂದಿತು, ಭಂಗಿ ಮಾತ್ರ ಬೇರೆಯಾಗಿತ್ತು. ಗುರುತಿನ ಬಗ್ಗೆ ಉಳಿದಿದ್ದ ಸಂಶಯ ಅದರಿಂದ ತೀರಿತು.

ಈಗ ಫಲಕದಲ್ಲಿ ವಿದುಷಿಯ ಪೂರ್ಣ ಹೆಸರಿದೆ, 1924–25 ಎಂಬ ಕಾಲವಿದೆ, ಚಿತ್ರಕಾರನ ಎರಡು ಅಕ್ಷರಗಳಿವೆ. ಆತನ ಪೂರ್ಣ ಹೆಸರಿಗಾಗಿ ಆ ವರ್ಷಗಳ ಅರಮನೆ ಸಿಬ್ಬಂದಿಯ ಸಂಬಳದ ಪಟ್ಟಿಗಳನ್ನು ಹುಡುಕುವ ಕೆಲಸ ನಡೆಯುತ್ತಿದೆ, ಅದೇ ಮೊದಲಕ್ಷರಗಳ ಇಬ್ಬರು ಸಿಕ್ಕಿದ್ದಾರೆ. ಮುತ್ತಜ್ಜಿಯ ಗುರುವಿನ ಹೆಸರೂ ಫಲಕದಲ್ಲಿರಬೇಕೆಂದು ಮರಿಮಗಳು ಸಂಸ್ಥೆಗೆ ಮನವಿ ಕೊಟ್ಟಿದ್ದಾರೆ. ಅದಕ್ಕೆ ಲಿಖಿತ ಆಧಾರ ಬೇಕೆಂದು ಸಂಸ್ಥೆ ಕೇಳಿದೆ, ಅವರು ತಮ್ಮ ಮನೆಯಲ್ಲಿರುವ ಪಾಠದ ಪುಸ್ತಕಗಳನ್ನು ಪರಿಶೀಲನೆಗೆ ಒಪ್ಪಿಸಿದ್ದಾರೆ.